ಲಟ್ಟಣಿಗೆಯ ಪೆನ್ನು

ವಸಂತ ಕಾಕಾ ಬಾಗಿಲು ತೆಗೆದರೆ ಮೊದಲು ಕಾಣುತ್ತಿದ್ದದ್ದು ಅವರ ಹುಬ್ಬು. ಸೊಂಪಾಗಿ ಬೆಳೆದ ಬಿಳಿ ಹುಬ್ಬಿನ ತುಂಬ ಮರದ ಪುಡಿ. ಬಾಲಿಗಂಜ್‌ನ ಆ ಹಳೇ ಕಟ್ಟಡದಲ್ಲಿ ನೆರೆಯ ಬಂಗಾಳಿಗಳು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದರೆ ಇವರು ಪುಟ್ಟದೊಂದು ಲೇತ್ ಇಟ್ಟುಕೊಂಡು, ಅದರಲ್ಲಿ ಮರದ ತುಂಡು ತಿರುಗಿಸಿ ಪೆನ್ನು ಕಡೆಯುತ್ತಿದ್ದರು. ಧಾರವಾಡದವರು. ರೈಲ್ವೆ ವರ್ಕ್‌ಶಾಪಿಗೆ ಲೇತ್ ಕೆಲಸದ ಟರ್ನರ್ ಆಗಿ ಬಂದು, ನಿವೃತ್ತಿಯ ನಂತರವೂ ಇಲ್ಲೇ ಉಳಿದಿದ್ದರು.

ನಾನು ಮೈಸೂರಿನವಳು. ಅದೇ ಊರಿನ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕಂಪನಿಗಳು ನಾಯಿಕೊಡೆಯಂತೆ ಏಳುತ್ತಿದ್ದ ವರ್ಷಗಳಲ್ಲಿ ಕೆಲಸ ಸಿಕ್ಕಿ ಬಂದು, ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೆ.

"ಈಗ ಪೆನ್ನಲ್ಲಿ ಯಾರು ಬರೀತಾರೆ ಕಾಕಾ?" ಎಂದು ಕೆಣಕಿದರೆ, "ನಿಮ್ಮ ಕಂಪ್ಯೂಟರ್ ಸಹಿ ಮಾಡ್ತದೇನು? ಮಾಡಿದ ದಿನಾ ಹೇಳವ್ವಾ, ಅಂಗಡಿ ಮುಚ್ಚತೇನಿ" ಅನ್ನುತ್ತಿದ್ದರು.

ಒಳಗಿನಿಂದ ಅವರ ಹೆಂಡತಿ ಇಂದಿರಾ ಕಾಕು, "ಅಂಗಡಿ ಯಾವಾಗ ತಗದಿದ್ರಿ ಮುಚ್ಚಲಿಕ್ಕೆ? ಎಲ್ಲಾರಿಗೂ ಪುಕ್ಕಟ ಹಂಚೂದ ಆತು" ಎಂದು ಸೇರಿಸುವರು.

ಕಡೆಯುವ ಮರದ ತುಂಡಿನ ಎರಡೂ ಬದಿಗೆ ಕಾಕಾ ಉಕ್ಕಿನ ಉಂಗುರದಂಥ ಬುಶ್ ಹಾಕುತ್ತಿದ್ದರು. ಮರವನ್ನು ನಟ್ಟನಡುವೆ ಹಿಡಿದಿಡುವುದು ಅದರ ಒಂದು ಕೆಲಸ. ಎಲ್ಲಿ ನಿಲ್ಲಿಸಬೇಕೆಂದು ತೋರಿಸುವುದು ಇನ್ನೊಂದು. ಪೆನ್ನಿನ ತುದಿಗೆ ಕೂರುವ ಲೋಹದ ಭಾಗ ಎಷ್ಟು ದಪ್ಪವೋ ಬುಶ್ ಅಷ್ಟೇ ದಪ್ಪ. ಮರ ಸವೆದು ಅದರ ಮಟ್ಟಕ್ಕೆ ಬಂದ ಕೂಡಲೇ ಉಳಿ ಎತ್ತಬೇಕು.

"ಬುಶ್ ಅಂದ್ರ ಮನ್ಯಾಗಿನ ಹಿರೇರು ಇದ್ದಂಗ. ಅವರು ಸಾಕು ಅಂದ್ರ ಸಾಕು. ಮೀರಿದಿ ಅಂದ್ರ, ಹೋದ ಕಟ್ಟಿಗಿ ತಿರುಗಿ ಬರಂಗಿಲ್ಲ."

ಒಂದೊಂದು ನಮೂನೆಯ ಪೆನ್ನಿಗೆ ಒಂದೊಂದು ಅಳತೆಯ ಬುಶ್. ಒಂದರ ಜೋಡಿ ಇನ್ನೊಂದರ ಜೊತೆ ಬೆರೆಯದಂತೆ ಮಿಠಾಯಿಯ ಖಾಲಿ ಡಬ್ಬಿಗಳಲ್ಲಿ ಬೇರೆ ಬೇರೆ ಇಟ್ಟಿರುತ್ತಿದ್ದರು. ಕಾಕು ಧೂಳು ಒರೆಸಲು ಡಬ್ಬಿ ಸರಿಸಿದರೂ ಕಾಕಾ ರೇಗುವರು.

ಬೀದಿಯಲ್ಲಿ ದುರ್ಗಾಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದಾಗ ಕಾಕು ತೀರಿಕೊಂಡರು. ಕ್ರಿಯಾಕರ್ಮ ಮುಗಿದ ಮೇಲೆ ಕಾಕಾ ಅಡುಗೆಮನೆಯಿಂದ ಅವರ ಲಟ್ಟಣಿಗೆ ತಂದರು. ತವರಿನಿಂದ ಬಂದ ಬೀಟೆಮರದ್ದು. ಎರಡೂ ತುದಿ ಸೀಳುಬಿಟ್ಟು, ನಡುವೆ ಒಂದು ಪೆನ್ನಿಗಾಗುವಷ್ಟೇ ಗಟ್ಟಿ ಮರ ಉಳಿದಿತ್ತು.

"ಆಕಿ ಕೈ ಇದರ ಮ್ಯಾಲ ಎಷ್ಟು ಓಡ್ಯಾಡೇದ. ಪೆನ್ನು ಮಾಡಿ ಕಿಸೆದಾಗ ಇಟ್ಕೋತೇನಿ."

ಭಾನುವಾರ ಅವರು ಕಡೆಯುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಹಿಟ್ಟು ಕುಡಿದು ಮಂಕಾಗಿದ್ದ ಮರದ ಒಳಗಿನಿಂದ ಹೊಳೆಯುವ ಕೆಂಗಪ್ಪು ಬಣ್ಣ ಎದ್ದು ಬಂತು. ಮರ ಬುಶ್ಶಿಗೆ ಸಮವಾಯಿತು, ಉಳಿ ಎತ್ತಿದರು. ಆದರೆ ಲೋಹದ ಭಾಗ ಒತ್ತಿ ಕೂರಿಸಿದಾಗ ಅದು ಸುತ್ತಲೂ ಮರಕ್ಕಿಂತ ಉಬ್ಬಿ ನಿಂತಿತು. ಹಾಕಿದ್ದು ತೆಳು ಪೆನ್ನಿನ ಬುಶ್.

"ಡಬ್ಬಿ ನಾನ ತಗದೆ. ನೋಡೇ ತಗದೆ," ಅಂದರು. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಮತ್ತೆ ಹೇಳಿದರು. ನನಗೆ ಅಳು ಬಂತು. ಇರುವುದೊಂದೇ ತುಂಡು, ಅದೂ ಇವರ ಕೈಯಲ್ಲೇ ಹೀಗಾಗಬೇಕೆ ಅನಿಸಿತು. ದುಃಖದಲ್ಲಿ ಕೈತಪ್ಪಿತು ಎಂದುಕೊಂಡೆ. ಕಾಕಾ ಆ ಪೆನ್ನನ್ನೇ ಕಿಸೆಯಲ್ಲಿಟ್ಟುಕೊಂಡರು.

ಕೈತಪ್ಪಿದ್ದಲ್ಲ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಒಲೆಯ ಮೇಲಿನ ಅನ್ನ ಸೀಯತೊಡಗಿತು. ಗರಿಯಾಹಾಟ್ ಮಾರುಕಟ್ಟೆಗೆ ತರಕಾರಿಗೆಂದು ಹೋದವರು ಮನೆಯ ದಾರಿ ತಿಳಿಯದೆ ನಿಂತಿದ್ದಾಗ ಆಟೋದವನೊಬ್ಬ ಗುರುತು ಹಿಡಿದು ಕರೆತಂದ. ಮರೆವಿನ ಕಾಯಿಲೆ ಎಂದರು ಡಾಕ್ಟರು. ಮಗಳು ಸುಧಾ ಬಂದು ಲೇತ್ ಮಾರಿ, ತಂದೆಯನ್ನು ಪುಣೆಯ ತನ್ನ ಮನೆಗೆ ಕರೆದೊಯ್ಯಲು ಸಿದ್ಧಳಾದಳು.

ಹೊರಡುವ ಬೆಳಿಗ್ಗೆ ಕೆಳಗಿಳಿದು ಹೋದೆ. ಟ್ಯಾಕ್ಸಿ ನಿಂತಿತ್ತು.

"ಯಾರವ್ವಾ ನೀ?" ಅಂದರು.

"ಮೇಲಿನ ಮನೆಯವಳು ಕಾಕಾ."

ಸುಧಾ ಅವರ ನೆನಪು ಕೆದಕಲೆಂದು, "ಅಪ್ಪಾ, ಕಿಸೆದಾಗಿನ ಪೆನ್ನು ತೋರಸ್ರಿ ಇವರಿಗೆ" ಎಂದಳು.

ಕಾಕಾ ತೆಗೆದರು. ಹೆಬ್ಬೆರಳು ಪೆನ್ನಿನ ಮೇಲೆ ಹರಿದು, ಮರಕ್ಕೂ ಲೋಹಕ್ಕೂ ಕೂಡುವಲ್ಲಿ ತಡೆದು ನಿಂತಿತು.

"ಬುಶ್ ತಪ್ಪ್ಯಾವ. ಯಾರೋ ಹೊಸಬ ಮಾಡ್ಯಾನ," ಅಂದರು. ಮತ್ತೊಮ್ಮೆ ಸವರಿ ನೋಡಿದರು. "ಬೈಬ್ಯಾಡ್ರಿ ಅವಗ. ಕಟ್ಟಿಗಿ ಭಾಳ ಛಲೋದದ. ಯಾರ ಮನೀದಿದು?"

ಸುಧಾ ಮುಖ ಆಚೆ ತಿರುಗಿಸಿದಳು.

"ನಿಮ್ಮ ಮನೇದೇ ಕಾಕಾ," ಅಂದೆ.

"ಹೌದೇನು?" ಎಂದು ನಕ್ಕು, ಪೆನ್ನು ನನ್ನ ಕೈಗಿಟ್ಟು, ಟ್ಯಾಕ್ಸಿ ಹತ್ತಿದರು.