ಎಂಜಿನ್ ಇಲ್ಲದ ಕಾರು

ಎಂಬತ್ತರ ದಶಕದ ಆರಂಭದಲ್ಲಿ ನಾನು ಬಹ್ರೈನಿನ ಒಬ್ಬ ವ್ಯಾಪಾರಿಯ ಹಳೆಯ ಕಾರುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಆಗಿದ್ದೆ. ಅಮೆರಿಕನ್ನರು ಕೆಲಸ ಮುಗಿಸಿ ಊರಿಗೆ ಹೋಗುವಾಗ ಸಿಕ್ಕಿದ ಬೆಲೆಗೆ ಮಾರಿ ಹೋದ ಕಾರುಗಳು ಅವು. ಉದ್ದ ಮೂತಿ, ಎರಡೇ ಬಾಗಿಲು. ಸ್ಟಾರ್ಟ್ ಮಾಡಿದರೆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ಬೇರೆಯವರು ಅವನ್ನು ಗುಜರಿಗೆ ತಳ್ಳುತ್ತಿದ್ದ ಕಾಲದಲ್ಲಿ ನಮ್ಮ ಅರಬಾಬ್ ಹುಡುಕಿ ಹುಡುಕಿ ಕೊಂಡು ಸಮುದ್ರದಂಚಿನ ಸಿತ್ರಾದ ಒಂದು ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದ್ದ. ಯಜಮಾನನನ್ನು ನಾವೆಲ್ಲ ಅರಬಾಬ್ ಎಂದೇ ಕರೆಯುತ್ತಿದ್ದೆವು. "ಇವತ್ತು ಇದು ತಗಡು. ನಮ್ಮ ಮಕ್ಕಳ ಕಾಲಕ್ಕೆ ಚಿನ್ನ" ಎಂದು ಅವನು ತನ್ನ ಹರುಕು ಹಿಂದಿಯಲ್ಲಿ ಹೇಳುತ್ತಿದ್ದ. ಬಣ್ಣ ಹೊಳೆದರೆ ಸಾಲದು, ಕಾರ್ಖಾನೆಯಿಂದ ಬಂದಾಗ ಇದ್ದ ಎಂಜಿನ್, ಸ್ಟೀರಿಂಗ್, ಚಕ್ರದ ಮುಚ್ಚಳ ಎಲ್ಲವೂ ಅದೇ ಇರಬೇಕು, ಆಗಲೇ ಬೆಲೆ ಎಂಬುದನ್ನು ನಾನು ಕಲಿತದ್ದೂ ಅವನಿಂದಲೇ.

ಆ ಸಾಲಿನ ಕೊನೆಯಲ್ಲಿ ಕಡು ಹಸಿರು ಬಣ್ಣದ ಮಸ್ಟಾಂಗ್ ಕಾರೊಂದಿತ್ತು. ಅದರ ಎಂಜಿನ್ನನ್ನು ನಾನೇ ಬಿಚ್ಚಿ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆ. ಚಳಿಗಾಲ. ಸಮುದ್ರದಿಂದ ಬರುವ ಗಾಳಿಗೆ ಸ್ಪ್ಯಾನರ್ ಹಿಡಿದರೆ ಬೆರಳು ಜುಮ್ಮೆನ್ನುತ್ತಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದವನಿಗೆ ಟಿಕ್, ಟಿಕ್ ಎಂಬ ಸದ್ದು ಕೇಳಿಸಿತು. ದೂರದಿಂದ ಓಡಿ ಬಂದು ನಿಂತ ಎಂಜಿನ್ ತಣಿಯುವಾಗ ಮಾಡುವ ಸದ್ದು ಅದು. ಆ ಕಸುಬಿನವನು ನಿದ್ದೆಯಲ್ಲೂ ಗುರುತಿಸುತ್ತಾನೆ. ಯಾವ ಕಾರನ್ನೂ ಆ ದಿನ ಹೊರಗೆ ತೆಗೆದಿರಲಿಲ್ಲ. ಸದ್ದು ಹಿಡಿದು ಹೋದರೆ ಅದು ಹಸಿರು ಕಾರಿನಿಂದ ಬರುತ್ತಿತ್ತು. ಬಾನೆಟ್ಟಿನ ಮೇಲೆ ಕೈ ಇಟ್ಟೆ. ಬಿಸಿ. ಎತ್ತಿ ನೋಡಿದೆ. ಒಳಗೆ ಖಾಲಿ ಗುಂಡಿ, ಕೆಳಗೆ ಸಿಮೆಂಟಿನ ನೆಲ.

ಹೂರಾ ಬಡಾವಣೆಯ ರೂಮಿನಲ್ಲಿ ನನ್ನ ಜೊತೆಗಿದ್ದ, ನಮ್ಮ ಕಡೆಯವನೇ ಆದ ಪೇಂಟರನಿಗೆ ಹೇಳಿದೆ. "ಎಂತ ಮಾರಾಯ, ಒಬ್ಬನೇ ಕೆಲಸ ಮಾಡಿ ಮಾಡಿ ತಲೆ ಬಿಸಿಯಾಗಿದೆ ನಿಂಗೆ, ಬಾನೆಟ್ ಅಲ್ಲ" ಎಂದು ನಕ್ಕ. ನಾನೂ ನಕ್ಕೆ. ಆದರೆ ಮತ್ತೆ ಮತ್ತೆ ಹಾಗೆ ಆಯಿತು. ಊಟದ ನಂತರ ರೇಡಿಯೋ ಜೋರಾಗಿ ಹಾಕಿಕೊಂಡು, ಆ ಕಾರಿಗೆ ಬೆನ್ನು ಮಾಡದೆ ಕೆಲಸ ಮಾಡುವುದು ಅಭ್ಯಾಸವಾಯಿತು.

ಅರಬಾಬ್ ಕೆಲವು ಕಾರುಗಳನ್ನು ಮಾರಲು ಮನಸ್ಸು ಮಾಡಿ, ಬೆಲೆ ಕಟ್ಟುವುದಕ್ಕೆ ಒಬ್ಬ ಮುದುಕ ಇಂಗ್ಲಿಷಿನವನನ್ನು ಕರೆಸಿದ. ಆತ ಪ್ರತಿ ಕಾರಿನ ಸುತ್ತ ಬಂದು, ಮಂಡಿಯೂರಿ ಅಡಿಯನ್ನೂ ನೋಡಿ, ಬೆಲೆ ಹೇಳುತ್ತಾ ಬಂದ. ಹಸಿರು ಕಾರಿನ ಬಾನೆಟ್ ಮುಟ್ಟಿದವನು ನನ್ನ ಕಡೆ ತಿರುಗಿದ.

"ಇದನ್ನು ಈಗ ತಾನೇ ಯಾರು ಓಡಿಸಿದ್ದು?"

"ಅದಕ್ಕೆ ಎಂಜಿನ್ನೇ ಇಲ್ಲ ಸರ್" ಎಂದೆ.

ಆತ ಎತ್ತಿ ನೋಡಿದ. ಮೆಲ್ಲಗೆ ಮುಚ್ಚಿದ. ಕರವಸ್ತ್ರ ತೆಗೆದು ಕೈ ಒರೆಸಿಕೊಂಡ. "ಸ್ಟೀರಿಂಗ್ ಮೂಲದ್ದಲ್ಲ. ಅದು ಸಿಕ್ಕಿದರೆ ಹೇಳಿ, ಆಗ ನೋಡೋಣ" ಎಂದು ಬೆಲೆ ಹೇಳದೆ ಹೊರಟುಹೋದ. ನನಗೆ ಭಯಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು. ನನ್ನ ಕೈ ಸುಳ್ಳು ಹೇಳಿರಲಿಲ್ಲ.

ಅರಬಾಬ್ ಆ ಕಾರನ್ನು ಬುಸೈತೀನಿನ ಒಬ್ಬ ನರ್ಸಿನಿಂದ ಕೊಂಡಿದ್ದನಂತೆ. "ನಿಮ್ಮ ಕಡೆಯ ಹೆಂಗಸು. ನೀನೇ ಹೋಗಿ ಸ್ಟೀರಿಂಗ್ ಕೇಳು" ಎಂದ.

ಬಾಗಿಲು ತೆರೆದವರು ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಹೆಂಗಸು, ನಡುವಯಸ್ಸಿನವರು. ಗೋಡೆಯಲ್ಲಿ ಯೇಸುವಿನ ಪಟ, ಪಕ್ಕದಲ್ಲಿ ಅದೇ ಹಸಿರು ಕಾರಿಗೆ ಒರಗಿ ನಿಂತ ಗಂಡನ ಫೋಟೋ. ಸ್ಟೀರಿಂಗ್ ವಿಷಯ ಹೇಳಿದೆ. ಮಂಚದಡಿಯಿಂದ ಬೆಡ್‌ಶೀಟಿನಲ್ಲಿ ಸುತ್ತಿಟ್ಟದ್ದನ್ನು ತಂದುಕೊಟ್ಟರು. ಗಂಡನ ಕೈ ಮುಟ್ಟಿದ್ದೆಂದು, ಮಾರುವ ಮೊದಲು ಅದನ್ನು ಬಿಚ್ಚಿಸಿಟ್ಟುಕೊಂಡು ಬೇರೆ ಹಾಕಿಸಿದ್ದರಂತೆ. ನಾನು ಏಳುವಾಗ ಕೇಳಿದರು:

"ಈಗ್ಲೂ ಬಿಸಿ ಇರ್ತದಾ ಅದು?"

ಹೌದೆಂದು ತಲೆ ಆಡಿಸಿದೆ.

ಅವರು ಎದುರು ಕೂತು ಹೇಳತೊಡಗಿದರು. ಗಂಡ ಸಿತ್ರಾದಲ್ಲಿ ಶಿಫ್ಟ್ ಕೆಲಸಗಾರ. ಕಾರು, ಊರಿಗೆ ಹೊರಟ ಅಮೆರಿಕನ್ನನೊಬ್ಬನಿಂದ ಅಗ್ಗಕ್ಕೆ ಕೊಂಡದ್ದು. ರಜೆ ಬಂದರೆ ಅಲ್ಲೇ ದಂಡೆಯಲ್ಲಿ ಗಾಳ ಹಾಕಲು ಹೋಗುತ್ತಿದ್ದ. ಒಂದು ದಿನ ಕಾರು ಮಾತ್ರ ಸಿಕ್ಕಿತು, ಬಾಗಿಲು ತೆರೆದದ್ದು, ಎಂಜಿನ್ ಚಾಲೂ. "ಅಲ್ಲಿ ನೀರು ಎಷ್ಟು ಗೊತ್ತುಂಟಲ್ಲ ನಿಮ್ಗೆ? ಇಳಿತ ಇದ್ರೆ ಮೊಣಕಾಲು ಸಹ ಮುಳುಗುದಿಲ್ಲ. ಆ ನೀರಲ್ಲಿ ಮನುಷ್ಯ ಎಲ್ಲಿಗೆ ಹೋಗುದು, ಹೇಳಿ? ಯಾರಿಗೂ ಅದನ್ನು ಆಫ್ ಮಾಡ್ಬೇಕು ಅಂತ ಸಹ ತೋಚಲಿಲ್ಲ. ಪೆಟ್ರೋಲ್ ಮುಗಿದು ಅದೇ ನಿಂತದ್ದು."

ಕಾರನ್ನು ಮನೆಯ ಕೆಳಗೆ ತಂದು ನಿಲ್ಲಿಸಿದ ಮೇಲೆ ಅವರು ದಿನಾ ಅದರ ಮೇಲೆ ಕೈ ಇಟ್ಟು ನೋಡುತ್ತಿದ್ದರಂತೆ. "ಬಿಸಿ ಇರ್ತಿತ್ತು. ಈಗ ಬಂದ್ರು ಅಂತ ಮೇಲೆ ಓಡಿ ಬಂದು ಊಟಕ್ಕೆ ಬಟ್ಟಲು ಇಡ್ತಿದ್ದೆ. ನಂಗೆ ಹೆದ್ರಿಕೆ ಇರ್ಲಿಲ್ಲ. ಖುಷಿ ಆಗ್ತಿತ್ತು. ಅದಕ್ಕೇ ಮಾರಿದ್ದು."

ಎಲ್ಲವನ್ನೂ ಅರಬಾಬನಿಗೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಆದರೆ ಅವನ ಅಜ್ಜನೂ ಮುತ್ತು ತೆಗೆಯಲು ಸಮುದ್ರಕ್ಕೆ ಹೋಗಿ ಹಿಂದಿರುಗದವನು. ಮಣಿಸರ ತಿರುಗಿಸುತ್ತಾ, "ಎಂಜಿನ್ ಕೂರಿಸು. ಆ ದಂಡೆಗೇ ಒಯ್ಯೋಣ. ಅಲ್ಲಿ ಅದನ್ನು ಆಫ್ ಮಾಡಲು ಆಕೆ ಬರುತ್ತಾಳಾ ಕೇಳು" ಎಂದ.

ಅವರು ಒಂದು ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ಇಗರ್ಜಿಯ ಪೂಜೆ ಮುಗಿಸಿ, ಅದೇ ಸೀರೆಯಲ್ಲಿ ಬಂದರು. ಅರಬಾಬ್ ಓಡಿಸಿದ, ಅವರು ಪಕ್ಕದಲ್ಲಿ, ನಾನು ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ. ಪಕ್ಕದ ಜಾಗ ಖಾಲಿಯಿದ್ದರೂ ನಾನು ಒಂದು ಬದಿಗೆ ಅಂಟಿಕೊಂಡೇ ಕೂತಿದ್ದೆ, ಏಕೆಂದು ಕೇಳಿದರೆ ಹೇಳಲಾರೆ. ದಂಡೆಯಲ್ಲಿ ಸಮುದ್ರ ದೂರ ಸರಿದಿತ್ತು. ಬೂದು ಕೆಸರು, ಅಲ್ಲಲ್ಲಿ ಗಾಜಿನಂತೆ ನಿಂತ ನೀರು, ಹಕ್ಕಿ ಕೂಡ ಇಲ್ಲ. ಅರಬಾಬ್ ಎಂಜಿನ್ ಚಾಲೂ ಬಿಟ್ಟು ಇಳಿದು ಬಾಗಿಲು ಹಿಡಿದು ನಿಂತ. ಅವರು ಡ್ರೈವರ್ ಸೀಟಿಗೆ ಸರಿದು, ಕೀಲಿ ತಿರುಗಿಸಿ, ಕಿತ್ತು ಮುಷ್ಟಿಯಲ್ಲಿ ಹಿಡಿದರು.

ಎಂಜಿನ್ ನಿಲ್ಲಲಿಲ್ಲ.

ಆ ಕಾಲದ ದೊಡ್ಡ ಎಂಜಿನ್ನುಗಳು ಕಾದಿದ್ದರೆ ಕೀಲಿ ತೆಗೆದ ಮೇಲೂ ಕೆಮ್ಮುತ್ತಾ ಸ್ವಲ್ಪ ಹೊತ್ತು ತಿರುಗುವುದುಂಟು. ನನಗದು ಗೊತ್ತಿತ್ತು. ಆದರೂ ಅಷ್ಟು ಹೊತ್ತು ತಿರುಗಿದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಕಾರು ನಡುಗುತ್ತಿತ್ತು. ಅರಬಾಬ್ ತುಟಿಯಲ್ಲೇ ಪ್ರಾರ್ಥನೆ ಶುರುಮಾಡಿದ. ಅವರು ಮಾತ್ರ ಸ್ಟೀರಿಂಗಿನ ಮೇಲೆ ಅಂಗೈ ಇಟ್ಟು, ರೋಗಿಯ ಹತ್ತಿರ ಮಾತಾಡುವ ದನಿಯಲ್ಲಿ ಕೊಂಕಣಿಯಲ್ಲಿ ಹೇಳಿದರು, "ಪುರೊ ಆತಾಂ." ಸಾಕು ಇನ್ನು ಎಂದು.

ಎಂಜಿನ್ ಒಮ್ಮೆ ಕೊಸರಿ ನಿಂತಿತು. ಅವರು ಅಳಲಿಲ್ಲ. "ಒಳ್ಳೆ ಬೆಲೆಗೆ ಮಾರಿ" ಎಂದು ಕೀಲಿಯನ್ನು ಅರಬಾಬನ ಕೈಯಲ್ಲಿಟ್ಟು, ಟ್ಯಾಕ್ಸಿ ಸಿಗುವ ರಸ್ತೆಯ ಕಡೆಗೆ ನಡೆದುಹೋದರು.

ಇಂಗ್ಲಿಷಿನವನು ಮತ್ತೆ ಬಂದು ಬೆಲೆ ಕಟ್ಟಿದ. ಕುವೈತಿನ ಒಬ್ಬ ಸಂಗ್ರಾಹಕ ಬಂದು ನೋಡಿ, ಮೆಚ್ಚಿ, ಹಡಗಿನಲ್ಲಿ ಒಯ್ದ. ಅಲ್ಲಿ ಏನಾಯಿತೋ ತಿಳಿಯಲಿಲ್ಲ, ಕೇಳಲು ನಾನೂ ಹೋಗಲಿಲ್ಲ. ಬಹ್ರೈನಿನಲ್ಲಿ ಇನ್ನೂ ಹಲವು ವರ್ಷ ಇದ್ದೆ. ರೂಮಿನವರು ರಜೆಯಲ್ಲಿ ಸಿತ್ರಾದ ಆ ದಂಡೆಗೆ ಮೀನು ಹಿಡಿಯಲು ಹೊರಟರೆ, ಬಟ್ಟೆ ಒಗೆಯಲಿಕ್ಕುಂಟು ಎಂದು ನೆವ ಹೇಳಿ ಉಳಿಯುತ್ತಿದ್ದೆ.