ಚೋಮಕ್ಕನ ಏಳನೇ ನಂಬರ್ ಬಾಗಿಲು

ಚೋಮಕ್ಕನ ವಿಷಯ ಹೇಳಬೇಕಾದರೆ ಮೊದಲು ನನ್ನ ವಿಷಯ ನಾಲ್ಕು ಮಾತು ಹೇಳಬೇಕು. ಯಾಕೆಂದರೆ ಅವಳಿಗೆ ಸಿಗಬೇಕಾಗಿದ್ದ ಮನೆ ತಪ್ಪಿಸಿದವನು ನಾನೇ. ಬೇಕೆಂದು ಮಾಡಲಿಲ್ಲ. ಬೇಕೆಂದು ಮಾಡಿದ್ದರೆ ಇಷ್ಟು ಅಚ್ಚುಕಟ್ಟಾಗಿ ಆಗುತ್ತಲೂ ಇರಲಿಲ್ಲ.

ನಾನು ಕೊಡ್ಲಿಪೇಟೆಯ ಕೆಂಪಣ್ಣ, ಮರಗೆಲಸದವನು. ಮೂವತ್ತು ವರ್ಷದ ಹಿಂದೆ ಈ ಸುತ್ತಿನ ಅರ್ಧ ಮನೆಗಳ ಬಾಗಿಲು ನನ್ನ ಕೈಯಲ್ಲೇ ಆಗಿದ್ದು. ಈಗ ಯಾರು ಮಾಡಿಸುತ್ತಾರೆ? ಅಂಗಡಿಗೆ ಹೋಗಿ ರೆಡಿಮೇಡ್ ಬಾಗಿಲು ತಂದು ಸಂಜೆಯೊಳಗೆ ಕೂರಿಸಿಬಿಡುತ್ತಾರೆ. ಅದನ್ನು ತಟ್ಟಿದರೆ ಬಿಸ್ಕತ್ತಿನ ಡಬ್ಬಿ ತಟ್ಟಿದ ಸದ್ದು ಬರುತ್ತದೆ. ಹಾಗಾಗಿ ಈ ಐದಾರು ವರ್ಷದಿಂದ ನನ್ನದು ಉಲ್ಟಾ ಕಸುಬು. ಹಳೇ ಮನೆ ಕೆಡವಿದ ಕಡೆಯಿಂದ ಬಾಗಿಲು ತರುವುದು, ಅದನ್ನು ಕೊಯ್ದು ಟೀಪಾಯಿ ಮಾಡುವುದು, ಕನ್ನಡಿಗೆ ಚೌಕಟ್ಟು ಮಾಡುವುದು, ಗೋಡೆಗೆ ನೇತುಹಾಕುವ ಅಲಂಕಾರದ ಹಲಗೆ ಮಾಡುವುದು. ಕೊಳ್ಳುವವರು ಹೋಂಸ್ಟೇಯವರು. ಅವರಿಗೆ ಚಿಲಕ ಕಾಣಬೇಕು, ತುಕ್ಕು ಕಾಣಬೇಕು, ಬಣ್ಣ ಅಲ್ಲಲ್ಲಿ ಎದ್ದಿರಬೇಕು, ಆದರೆ ಕೈಗೆ ಸಿಬಿರು ಮಾತ್ರ ಚುಚ್ಚಬಾರದು! ಬಾಗಿಲಾಗಿದ್ದಾಗ ಯಾರೂ ತಿರುಗಿ ನೋಡದ ಹಲಗೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ, ನನ್ನ ಮನೆಯಲ್ಲೂ ಒಲೆ ಉರಿಯಬೇಕಲ್ಲ.

ಚೋಮಕ್ಕ ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಊರಿಂದ ಎರಡು ಮೈಲಿ ಆಚೆಯ ಕಾಫಿ ಎಸ್ಟೇಟಿನ ಲೈನಿಗೆ ಮದುವೆಯಾಗಿ ಬಂದವಳು. ಲೈನು ಅಂದರೆ ಕೆಲಸದವರ ಸಾಲುಮನೆ. ಅಲ್ಲಿ ಹನ್ನೊಂದು ಮನೆ ಇದ್ದವು, ಅವಳದು ಏಳನೆಯದು. ಒಂದು ಕೋಣೆ, ಒಂದು ಒಲೆ, ಒಂದು ಬಾಗಿಲು. ಕಿಟಕಿ ಇರಲಿಲ್ಲ. ಅಲ್ಲಿದ್ದುಕೊಂಡು ನಲವತ್ತು ವರ್ಷ ಕಳೆ ತೆಗೆದಳು, ಗೊಬ್ಬರ ಹೊತ್ತಳು, ಪಿಕಿಂಗ್ ಬಂದಾಗ ಎರಡಾಳಿನಷ್ಟು ಹಣ್ಣು ಕುಯ್ದಳು. ಬಾಯಿ ಜೋರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತೂಕದಲ್ಲಿ ಆಟ ಆಡಿದರೆ, “ಏನ್ ಸ್ವಾಮಿ, ತಕ್ಕಡಿಗೆ ಚಳಿಜ್ವರ ಬಂದದಾ?” ಎಂದು ಎಲ್ಲರೆದುರೇ ಕೇಳುತ್ತಿದ್ದಳು. ಗಂಡ, ಚಿಕ್ಕ ಅಂತ ಅವನ ಹೆಸರು, ಮೆಣಸು ಕುಯ್ಯಲು ಏಣಿ ಹತ್ತಿದವನು ಜಾರಿ ಬಿದ್ದು ಸತ್ತ. ಮಕ್ಕಳಾಗಿರಲಿಲ್ಲ. ಆಮೇಲೂ ಅವಳು ಅದೇ ಏಳನೇ ನಂಬರಿನಲ್ಲಿ ಒಬ್ಬಳೇ ಇದ್ದಳು.

ಮೂರು ವರ್ಷದ ಹಿಂದೆ ಎಸ್ಟೇಟು ಮಾರಾಟವಾಯಿತು. ಹೊಸಬರು ಲೈನು ಕೆಡವಿ ಕಾಟೇಜು ಕಟ್ಟಿದರು. ಹೋಗುವವರು ಮನೆಯ ಸಾಮಾನು ಏನು ಬೇಕಾದರೂ ತೆಗೆದುಕೊಂಡು ಹೋಗಬಹುದು ಎಂದು ದೊಡ್ಡ ಮನಸ್ಸು ಮಾಡಿದರಂತೆ. ಬೇರೆಯವರು ಶೀಟು, ತೊಲೆ, ಗಳ ಹೊತ್ತು ಮಾರಿಕೊಂಡರು. ಚೋಮಕ್ಕ ಬಾಗಿಲೊಂದನ್ನೇ ಕಿತ್ತು, ತಮ್ಮ ಜವರನ ಕೈಲಿ ಒಂದು ತುದಿ ಹಿಡಿಸಿ ಹೊತ್ತು ತಂದಳು. ಜವರನ ಮನೆಯಲ್ಲಿ ಇವಳಿಗೆ ಸಿಕ್ಕಿದ್ದು ಜಗಲಿ. ಅಲ್ಲಿ ನಾಲ್ಕು ಇಟ್ಟಿಗೆ ಮೇಲೆ ಬಾಗಿಲು ಹಾಸಿ, ಅದರ ಮೇಲೆ ಕಂಬಳಿ ಹಾಸಿ ಮಲಗುತ್ತಿದ್ದಳು.

“ಸಾಯೋವಾಗ್ಲೂ ಹೊತ್ಕೊಂಡ್ ಹೋಗ್ತೀಯಾ ಚೋಮಕ್ಕ ಇದನ್ನ?” ಎಂದು ನಾನೊಮ್ಮೆ ರೇಗಿಸಿದ್ದೆ.

“ನಗು, ನಗು. ಸರ್ಕಾರ ಸೈಟ್ ಕೊಟ್ ದಿನ ಇದೇ ಬಾಗ್ಲು ನಿಲ್ಲಿಸ್ತೀನಿ. ಚಿಲಕ ಹಾಕ್ಕೊಂಡು ಒಳ್ಗಡೆ ಮಲಗ್ಬೇಕು ಕಣಪ್ಪ. ಜಗ್ಲೀಲಿ ಮಲಗಿದ್ರೆ ನಾಯೀನೂ ಮೂಸ್ ನೋಡ್ಕೊಂಡು ಹೋಯ್ತದೆ” ಎಂದಿದ್ದಳು.

ಸೈಟಿನ ಮಾತು ಸುಳ್ಳಲ್ಲ. ಲೈನಿನಿಂದ ಎದ್ದವರಿಗೆ ನಿವೇಶನ ಕೊಡುತ್ತೇವೆ, ಆದರೆ ಇಷ್ಟು ವರ್ಷದಿಂದ ಅಲ್ಲೇ ಇದ್ದೆವೆಂದು ತೋರಿಸುವ ಒಂದಾದರೂ ದಾಖಲೆ ಕೊಡಬೇಕು ಎಂದು ತಾಲೂಕು ಕಚೇರಿಯವರು ವಿಚಾರಣೆ ಶುರು ಮಾಡಿದ್ದರು. ಮಕ್ಕಳಿದ್ದವರು ಶಾಲೆಯ ಸರ್ಟಿಫಿಕೇಟು ತಂದು ಕೊಟ್ಟರು. ಹತ್ತು ಮನೆಯವರಿಗೂ ಆಯಿತು. ಚೋಮಕ್ಕನಿಗೆ ಶಾಲೆಗೆ ಹೋದ ಮಕ್ಕಳೆಲ್ಲಿ? ರೇಷನ್ ಕಾರ್ಡು ಕೈಗೆ ಬಂದಿದ್ದು ಮೊನ್ನೆ ಮೊನ್ನೆ. ಎಸ್ಟೇಟಿನ ಹಾಜರಿ ಪುಸ್ತಕ ಹಳೇ ಧಣಿಯ ಕಾಲಕ್ಕೇ ಗೆದ್ದಲು ತಿಂದಿತ್ತು. ಜಾಗಕ್ಕೆ ಬಂದು ನೋಡಿದರೆ ಏಳನೇ ಮನೆ ಇದ್ದಲ್ಲಿ ಈಗ ಈಜುಕೊಳ. ಒಂದು ದಿನ ಅವಳು ಏದುಸಿರು ಬಿಡುತ್ತಾ ನನ್ನ ಶೆಡ್ಡಿಗೆ ಬಂದಳು. ಬೆನ್ನ ಹಿಂದೆ ಬಾಡಿಗೆಯ ಗೂಡ್ಸ್ ಆಟೋ, ಅದರಲ್ಲಿ ಬಾಗಿಲು.

“ಬರೀ ಬಾಯಿಮಾತು ನಡೆಯಲ್ಲ ಅಂದ್ರು ತಾಲೂಕ್ ಆಫೀಸಿನ್ ಮೇಡಂ. ನನ್ ಬಾಗ್ಲಲ್ಲಿ ಸರ್ಕಾರದೋರು ಬರ್ದವ್ರೆ ಅಂದೆ. ಹಂಗಾದ್ರೆ ಅದನ್ನೇ ತಗೊಂಡ್ ಬಾಮ್ಮ, ನೋಡಾನ ಅಂದ್ರು.”

“ಬಾಗ್ಲನ್ನೇ? ಬಸ್ಸಲ್ಲಿ ಬಾಗ್ಲಿಗೂ ಒಂದ್ ಟಿಕೆಟ್ ಹರಿಸ್ತೀಯಾ?”

“ಅಲ್ಲೀಗಂಟ ಆಟೋ ಬಾಡಿಗೆ ಕೊಡಾಕೆ ದುಡ್ಡೆಲ್ಲದೆ? ಅದಕ್ಕೇ ನಿನ್ ಹತ್ರ ಬಂದಿದ್ದು. ಹೋಂಸ್ಟೇಯೋರಿಗೆ ಸಣ್ಣಗೆ, ಚೆಂದಾಗಿ ಮಾಡ್ಕೊಡ್ತೀಯಲ್ಲ, ಹಂಗ್ ಮಾಡು. ಬರ್ದಿರೋದ್ ಮಾತ್ರ ಕೆಡಿಸ್ಬೇಡ. ಮಸಿ ಗಿಸಿ ಎಲ್ಲ ತೆಗ್ದು ಪಾಲಿಶ್ ಹಾಕು. ಗಲೀಜು ಸಾಮಾನು ಹಿಡ್ಕೊಂಡು ದೊಡ್ಡೋರ ಮುಂದೆ ಹೆಂಗಪ್ಪಾ ನಿಂತ್ಕೊಳ್ಳೋದು?”

ಅವಳು ಹೇಳಿದ್ದು ಇಷ್ಟೇ. ನಾನು ಕೇಳಿಸಿಕೊಂಡಿದ್ದೂ ಇಷ್ಟೇ. ಬರೆದಿರುವುದು ಯಾವುದು, ಎಲ್ಲಿದೆ ಎಂದು ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಬಾಗಿಲು ಮೂರು ಹಲಗೆಯದು, ಒಳ್ಳೇ ಹೆಬ್ಬಲಸಿನ ಮರದ್ದು. ಮುಂಭಾಗದಲ್ಲಿ, ನಡುವಿನ ಹಲಗೆಯ ಮೇಲೆ, ಕೆಂಪು ಆಯಿಲ್ ಪೇಂಟಿನಲ್ಲಿ ದೊಡ್ಡ 7, ಸುತ್ತ ಒಂದು ಬಿಳಿ ವೃತ್ತ. ಬಣ್ಣ ಹದವಾಗಿ ಬಿರಿದಿತ್ತು. ನೋಡಿದ ತಕ್ಷಣ ನನ್ನ ಕಣ್ಣು ಅಲ್ಲಿಗೇ ಹೋಯಿತು. ಇಂಥದ್ದಕ್ಕೆ ಹೋಂಸ್ಟೇಯವರು ಜೀವ ಬಿಡುತ್ತಾರೆ. ಹಿಂಭಾಗವೋ, ನಲವತ್ತು ವರ್ಷ ಒಲೆಯ ಹೊಗೆ ಕುಡಿದು ಹಂಚಿನ ತಳದಂತಾಗಿತ್ತು. ಆ ಮಸಿಯ ನಡುವೆ ಗೆರೆ ಎಳೆದು ಮಾಡಿದ ಚೌಕಗಳು, ಸೀಮೆಸುಣ್ಣದ್ದು, ಪೆನ್ಸಿಲಿನದ್ದು, ಏನೇನೋ ಗೀಚು. ನಾನು ಕಂಡೆ, ಸುಳ್ಳು ಹೇಳುವುದಿಲ್ಲ. ಕಂಡೆ, ಆದರೆ ಓದಲಿಲ್ಲ.

ನನ್ನ ಕೆಲಸಕ್ಕೆ ಒಂದು ಕ್ರಮ ಇದೆ. ಯಾವ ಬಾಗಿಲು ಬಂದರೂ ಮೊದಲು ಮುಂಭಾಗದ ಫೋಟೋ ತೆಗೆಯುತ್ತೇನೆ, ಗಿರಾಕಿಗೆ ‘ಮೊದಲು ಹೀಗಿತ್ತು, ಈಗ ಹೀಗಾಯಿತು’ ಎಂದು ತೋರಿಸಲು. ಆಮೇಲೆ ಬೇಕಾದಷ್ಟು ಕೊಯ್ದುಕೊಂಡು ಮಗುಚಿ ಹಾಕಿ, ಹಿಂಭಾಗಕ್ಕೆ ಉಜ್ಜುಗೊರಡು ಹಿಡಿಯುತ್ತೇನೆ. ಗೋಡೆಗೆ ಒರಗುವ ಮೈ ಸಮ ಇಲ್ಲದಿದ್ದರೆ ಹಲಗೆ ಒಂದು ಕಡೆ ಎದ್ದು ನಿಲ್ಲುತ್ತದೆ. ಇದನ್ನು ಯೋಚಿಸಿ ಮಾಡುವುದಲ್ಲ, ಕೈ ತಾನೇ ಮಾಡುತ್ತದೆ. ಅವತ್ತೂ ಮಾಡಿತು. ಕಿವಿಗೆ ಫೋನು ಸಿಕ್ಕಿಸಿಕೊಂಡು ಕಕ್ಕಬೆಯ ಒಬ್ಬ ಹೋಂಸ್ಟೇ ಯಜಮಾನರ ಜೊತೆ ಕನ್ನಡಿಯ ಅಳತೆ ಮಾತಾಡುತ್ತಾ ಮಾತಾಡುತ್ತಾ ಮೂರೂ ಹಲಗೆಯ ಹಿಂಭಾಗದ ಕಪ್ಪನ್ನೆಲ್ಲ ಹೆರೆದು ಗುಡಿಸಿ, ಆ ಹೊಟ್ಟನ್ನು ಮಧ್ಯಾಹ್ನ ಸ್ನಾನದ ಒಲೆಗೆ ಹಾಕಿಸಿದೆ.

ಆದರೆ ಮುಂಭಾಗದ 7 ಇದೆಯಲ್ಲ, ಅದನ್ನು ಮಗುವಿನ ಮುಖ ಒರೆಸಿದ ಹಾಗೆ ಒರೆಸಿದೆ. ಒಂದು ಚೂರು ಬಣ್ಣ ಉದುರಲು ಬಿಡಲಿಲ್ಲ. ಬಾಗಿಲಿನ ಅಡ್ಡಪಟ್ಟಿಯನ್ನೇ ಸೀಳಿ ಸುತ್ತ ಚೌಕಟ್ಟು ಕಟ್ಟಿದೆ, ಕೆಳಗೆ ಅದೇ ಹಳೇ ಚಿಲಕ ಕೂರಿಸಿದೆ, ಮೂರು ಕೈ ಪಾಲಿಶ್ ಹಾಕಿದೆ. ಮಿಕ್ಕ ಹಲಗೆಗಳಿಗೆ ಕಾಲು ಹೊಡೆದು ಅವಳಿಗೊಂದು ಬೆಂಚು ಮಾಡಿಟ್ಟೆ. ನನ್ನ ಕಸುಬಿನಲ್ಲಿ ಅಷ್ಟು ಒಳ್ಳೇ ಕೆಲಸ ನಾನು ಮಾಡಿಯೇ ಇಲ್ಲ. ಶೆಡ್ಡಿನ ಗೋಡೆಗೆ ನೇತುಹಾಕಿ ಚೋಮಕ್ಕನನ್ನು ಕರೆಸಿದೆ.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದೇ ಒಂದು ಬೆರಳಿನಿಂದ ಅದನ್ನು ಮುಟ್ಟಿದಳು.

“ಅಯ್ಯೋ ಶಿವನೇ, ನನ್ ಮನೆ ಇಷ್ಟ್ ಚೆಂದಾಗಿತ್ತಾ?”

ಆಮೇಲೆ, “ಬರ್ದಿರೋದು ಅದೆ ತಾನೆ?” ಎಂದಳು.

“ನೋಡು, ಕಣ್ಣಿಗೆ ಹೊಡೆಯೋ ಹಂಗದೆ” ಎಂದು ನಾನು 7ರ ಮೇಲೆ ಬೆರಳಿಟ್ಟೆ. ಅವಳು ತಲೆ ಆಡಿಸಿದಳು. ಕೆಂಪಣ್ಣ ಇದೆ ಅಂದರೆ ಇದ್ದೇ ಇರುತ್ತದೆ ಎಂಬ ನಂಬಿಕೆ. ಗೋಡೆಯಿಂದ ಇಳಿಸಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಟ್ಟೆ.

ವಿಚಾರಣೆಯ ದಿನ ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಅವಳು ಮದುವೆ ದಿಬ್ಬಣಕ್ಕೆ ಹೊರಟವಳ ಹಾಗೆ ಇಸ್ತ್ರಿ ಸೀರೆ ಉಟ್ಟು, ತೊಡೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದಳು. ಪಕ್ಕದವರು ಏನದು ಎಂದರೆ ಬಟ್ಟೆ ಸರಿಸಿ ತೋರಿಸುವುದು, ಮತ್ತೆ ಮುಚ್ಚುವುದು. ಒಬ್ಬ ಹೆಂಗಸು, “ಎಲ್ಲಿ ತಗೊಂಡ್ರಿ? ನಮ್ ಹಾಲ್‌ಗೂ ಇಂಥದ್ದೊಂದು ಬೇಕಿತ್ತು” ಎಂದಳು.

“ತಗೊಂಡಿದ್ದಲ್ಲ, ನನ್ ಮನೇದು” ಎಂದು ಚೋಮಕ್ಕ ಬೀಗಿದಳು. ನಾನೂ ಬೀಗಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೇನೆಂದು ಆಗ ನನಗೆ ಗೊತ್ತೇ?

ಮೇಡಂ ಒಳ್ಳೆಯವರು, ಅದನ್ನೂ ಹೇಳಬೇಕು. ಚೋಮಕ್ಕನನ್ನು ಕುರ್ಚಿಯಲ್ಲಿ ಕೂರಿಸಿದರು. ಹಲಗೆ ನೋಡಿ, “ಎಷ್ಟು ಚೆನ್ನಾಗಿ ಮಾಡ್ಸಿದೀರಮ್ಮ!” ಎಂದರು. ಮೇಜಿನ ಮೇಲೆ ಆಸ್ಪತ್ರೆಯಿಂದ ತರಿಸಿದ, ಬೈಂಡು ಕಿತ್ತ ಹಳೇ ರಿಜಿಸ್ಟರ್ ಇತ್ತು. ಅದನ್ನು ತೆರೆದು, ಒಂದು ಕಡೆ ಬೆರಳಿಟ್ಟುಕೊಂಡು, “ಎಲ್ಲಿ, ಹಿಂದೆ ತಿರುಗಿಸಿ” ಎಂದರು.

ತಿರುಗಿಸಿದೆ. ಹಿಂಭಾಗ ಹೊಸ ಮರದಂತೆ ಹಳದಿಗೆ ಹೊಳೆಯುತ್ತಿತ್ತು.

“ತಾರೀಖು ಎಲ್ಲಮ್ಮ? ಮಲೇರಿಯಾದವರು ಬಂದಾಗೆಲ್ಲ ಬಾಗಿಲ ಹಿಂದೆ ತಾರೀಖು ಹಾಕಿ ಸೈನ್ ಮಾಡ್ತಿದ್ರು, ನಿಮ್ಮ ಗಂಡ-ಹೆಂಡತಿ ಇಬ್ಬರ ಹೆಸರೂ ಬರ್ದಿದಾರೆ ಅಂದಿದ್ರಲ್ಲ? ಈ ರಿಜಿಸ್ಟರಲ್ಲಿ ಬರೀ ಮನೆ ನಂಬರು, ತಾರೀಖು ಇದೆ. ಬಾಗಿಲಲ್ಲಿರೋ ತಾರೀಖು ಇದಕ್ಕೆ ತಾಳೆ ಆಗಿದ್ರೆ ನಾನು ಇವತ್ತೇ ಬರ್ದುಬಿಡ್ತಿದ್ದೆ. ಬರೀ ಏಳು ಅಂತಿದ್ರೆ ಹೇಗೆ? ಏಳನೇ ನಂಬರ್ ಎಲ್ಲಾ ಲೈನಲ್ಲೂ ಇರತ್ತೆ.”

ಚೋಮಕ್ಕ ಹಲಗೆಯ ಹಿಂಭಾಗದ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಕ್ಕೆ ಸವರಿದಳು. ಪಾಲಿಶಿನ ಅಡಿಯಲ್ಲಿ ಎಲ್ಲಾದರೂ ಉಳಿದಿರಬಹುದು ಎಂಬಂತೆ ಮತ್ತೊಮ್ಮೆ ಸವರಿದಳು. ನಾನು ಹಾಳಾದ ಫೋನು ತೆಗೆದು, “ಫೋಟೋ ಅದೆ ಮೇಡಂ, ಫೋಟೋ ಅದೆ” ಎಂದು ಬಡಬಡಿಸುತ್ತಾ ಹುಡುಕಿದೆ. ಇತ್ತು. ಮುಂಭಾಗದ್ದು. ಹತ್ತಿರದಿಂದ ಒಂದು, ದೂರದಿಂದ ಒಂದು, ಚಿಲಕದ್ದು ಒಂದು. ಹಿಂಭಾಗದ ಫೋಟೋ ಯಾವ ಗಿರಾಕಿಗೆ ಬೇಕು?

“ಹದಿನೈದು ದಿನ ಟೈಮ್ ಇದೆ. ಬೇರೆ ಏನಾದ್ರೂ ಸಿಕ್ಕಿದ್ರೆ ತನ್ನಿ” ಎಂದರು ಮೇಡಂ. ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು.

ಹೊರಗೆ ಮೆಟ್ಟಿಲ ಮೇಲೆ ಕೂತೆವು. ಅವಳು ಬೈಯಲಿ ಎಂದು ಕಾದೆ. ರೈಟರನ್ನೇ ಬಿಡದ ಬಾಯಿ ಅದು. ಎರಡು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಮ್ಯಾಲ್ಗಡೆ ಬಲಕ್ಕೆ ಮೊದಲ್ನೇದು, ನಾನು ಬಂದ್ ಹೊಸದ್ರಲ್ಲಿ ಬರ್ದಿದ್ದು” ಎಂದಳು. “ಮಲೇರಿಯಾದೋನು ಬರೆಯೋವಾಗ ಚಿಕ್ಕ ನನ್ ಹೆಸ್ರನ್ನ ಎರಡ್ ಸಲ ಹೇಳಿದ್ದ. ಅದರ ಕೆಳಗೆ ನೀಲಿ ಪೆನ್ಸಿಲಿಂದು, ಚಿಕ್ಕ ಸತ್ ವರ್ಷದ್ದು. ಆಮೇಲಿಂದ ಒಬ್ಬಳದೇ ಹೆಸ್ರು.” ನನ್ನ ಕಡೆ ತಿರುಗಿದಳು. “ನಂಗೆ ಓದಾಕ್ ಬರಲ್ಲ ಕೆಂಪಣ್ಣ. ನಿಂಗೆ ಬರ್ತದಲ್ಲ. ಹೆರೆಯೋವಾಗ ಕಂಡಿರ್ತೀಯ. ಒಂದಾದ್ರೂ ತಾರೀಖು ನೆಪ್ಪದಾ? ನೆಪ್ಪಿದ್ರೆ ಮೇಡಂಗೆ ಹೋಗಿ ಹೇಳು.”

ನೆನಪಿರಲಿಲ್ಲ. ಆ ಯಜಮಾನರ ಕನ್ನಡಿಯ ಅಳತೆ ಮಾತ್ರ ನೆನಪಿತ್ತು, ನಾಲ್ಕಡಿ ಎರಡಡಿ. ಅಲ್ಲೇ ಮೆಟ್ಟಿಲ ಮೇಲೆ, ಜನ ಓಡಾಡುವ ಜಾಗದಲ್ಲಿ, ನಾನು ಹೆಂಗಸರ ಹಾಗೆ ಅತ್ತೆ.

ಹದಿನೈದು ದಿನ ಕಳೆಯಿತು. ಪಟ್ಟಿ ಬಂತು. ಹತ್ತು ಹೆಸರು ಇದ್ದವು. ಚೋಮಕ್ಕ ಈಗಲೂ ಜವರನ ಜಗಲಿಯಲ್ಲೇ ಇದ್ದಾಳೆ, ನಾನು ಮಾಡಿದ ಬೆಂಚು ಕಿರಿದು, ಮಗ್ಗುಲು ಬದಲಿಸಿದರೆ ಬೀಳುತ್ತಾಳಂತೆ, ಅದಕ್ಕೆ ನೆಲದ ಮೇಲೇ ಮಲಗುತ್ತಾಳೆ. ಹಲಗೆಯನ್ನು ವಿಚಾರಣೆಯ ದಿನ ವಾಪಸು ಬರುವಾಗ ಬಸ್ಸಿನಲ್ಲೇ ನನ್ನ ತೊಡೆಯ ಮೇಲೆ ಇಟ್ಟು ಇಳಿದುಹೋಗಿದ್ದಳು. ಪಟ್ಟಿ ಬಂದ ಮಾರನೇ ದಿನ ಅದನ್ನು ತೆಗೆದುಕೊಂಡು ಹೋದೆ. ನಿನ್ನದು, ನೀನೇ ಇಟ್ಟುಕೋ ಚೋಮಕ್ಕ ಎಂದೆ.

ಅವಳು ಬೆಡ್‌ಶೀಟು ಬಿಚ್ಚಿ ನೋಡಿದಳು. ಚೌಕಟ್ಟಿನ ಮೂಲೆಯಲ್ಲಿ ಕೂತಿದ್ದ ಧೂಳನ್ನು ಸೆರಗಿನಿಂದ ಒರೆಸಿ, ಹುಷಾರಾಗಿ ಮತ್ತೆ ಸುತ್ತಿ ನನ್ನ ಕೈಗೇ ಕೊಟ್ಟಳು.

“ಚೆಂದಾಗದೆ ಕಣಪ್ಪ. ಆದ್ರೆ ಎಲ್ಲಿ ನೇತಾಕ್ಲಿ? ಮೊಳೆ ಹೊಡಿಯಾಕೆ ನಂಗೊಂದು ಗೋಡೆ ಬ್ಯಾಡ್ವಾ?”