ಮೊಳಕಾಲ್ಮುರಿನಲ್ಲಿ ರಾಜ ಹಾರಿದ್ದು

ಚೆಸ್ ಚಾಂಪಿಯನ್ನರನ್ನು ಅಣಕಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಅವರು ಬಾಯೇ ಬಿಡುವುದಿಲ್ಲ. ಎರಡು ಮುಷ್ಟಿಗಳನ್ನು ಕೆನ್ನೆಗೊತ್ತಿಕೊಂಡು ಹಲ್ಲುನೋವು ಬಂದವರಂತೆ ಬೋರ್ಡು ನೋಡಿದರೆ ರಷ್ಯಾದ ಚಾಂಪಿಯನ್ ಆಯಿತು. ದೀಪ ಸರಿಯಿಲ್ಲ, ಕುರ್ಚಿ ಸರಿಯಿಲ್ಲ, ಕ್ಯಾಮೆರಾ ಸದ್ದು ಮಾಡುತ್ತದೆ ಎಂದು ಮದುವೆಮನೆಯ ಬೀಗರಂತೆ ಮುಖ ಊದಿಸಿಕೊಂಡರೆ ಅಮೆರಿಕದವನು. ಕಣ್ಣು ಮುಚ್ಚಿ ಮಾಳಿಗೆಯ ಕಡೆ ಮುಖ ಎತ್ತಿದರೆ ನಮ್ಮ ಚೆನ್ನೈನ ಹುಡುಗ. ಚಳ್ಳಕೆರೆಯ ಆರ್ಕೆಸ್ಟ್ರಾಗಳಲ್ಲಿ ಎರಡು ಹಾಡುಗಳ ನಡುವೆ ನಾನು ಇವನ್ನೆಲ್ಲ ಮಾಡಿ ತೋರಿಸುತ್ತಿದ್ದೆ. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆದರೂ ನಗುತ್ತಿದ್ದರು, ನನ್ನ ಮುಖವೇ ಹಾಗಿದೆ. ಹಗಲಲ್ಲಿ ನಾನು ಮೋಟಾರ್ ಪಂಪಿನ ಅಂಗಡಿಯಲ್ಲಿ ಬಿಲ್ಲು ಹಾಕುತ್ತೇನೆ. ಅಲ್ಲಿ ಯಾರೂ ನಗುವುದಿಲ್ಲ.

ಚೆನ್ನೈನ ಹುಡುಗ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮೂರಿಗೆ ಚೆಸ್ ಜ್ವರ ಬಂತು. ಮಕ್ಕಳು ಮೊಬೈಲ್ ಬಿಡಲಿ ಎಂದು ಅಪ್ಪ ಅವ್ವಂದಿರು ಚೆಸ್ ಕ್ಲಾಸಿಗೆ ಸೇರಿಸಿದರು. ಆಮೇಲೆ ಚೆಸ್ ಕಲಿಯಲಿ ಎಂದು ಅದೇ ಮಕ್ಕಳಿಗೆ ಹೊಸ ಮೊಬೈಲ್ ಕೊಡಿಸಿದರು. ಆ ಕ್ಲಾಸು ನಡೆಸುತ್ತಿದ್ದವರು ನಮ್ಮ ಮೇಷ್ಟ್ರು. ಕಾಲೇಜಿನಲ್ಲಿ ನನಗೆ ವಾಣಿಜ್ಯಶಾಸ್ತ್ರ ಹೇಳಿ, ನನ್ನಿಂದ ಏನೂ ಆಗುವುದಿಲ್ಲ ಎಂದು ಸರಿಯಾಗಿಯೇ ಅಂದಾಜು ಮಾಡಿದ್ದವರು. ನಿವೃತ್ತರಾದ ಮೇಲೆ ಶೇಂಗಾ ಎಣ್ಣೆ ಅಂಗಡಿಯ ಮೇಲಿನ ಕೋಣೆ ಹಿಡಿದು, ಬಾಗಿಲ ಮೇಲೆ ನೀಲಿ ಬೋರ್ಡು ಹಾಕಿಸಿದರು. ಅದರ ಮೇಲೊಂದು ಕುದುರೆಯ ತಲೆ. ಬರೆದ ಪೇಂಟರ್ ಅಲ್ಲಿಯವರೆಗೆ ಬರೀ ಕುರಿ ಸಂಘಗಳ ಬೋರ್ಡು ಬರೆದವನಾದ್ದರಿಂದ ಕುದುರೆಯ ಕಣ್ಣಲ್ಲೂ ಕುರಿಯ ಸಾಧುತನ ಉಳಿದುಬಿಟ್ಟಿತ್ತು.

ನಾನು ಸಂಜೆ ಅಲ್ಲಿಗೆ ಹೋಗಿ ಕಾಯಿಗಳನ್ನು ಜೋಡಿಸುತ್ತಿದ್ದೆ. ಅಲ್ಲಿ ಯಾರೂ ಆಡುವಂತಿರಲಿಲ್ಲ. ಮೊದಲು ಹಳೆಯ ಮಹಾ ಆಟಗಳನ್ನು ಮಗ್ಗಿಯಂತೆ ಒಪ್ಪಿಸಬೇಕು, ಆಮೇಲೆ ಆಟ. ಮೇಷ್ಟ್ರಿಗೆ ಎರಡು ಕಥೆಗಳ ಮೇಲೆ ಪ್ರಾಣ. ಒಂದು, ಲಂಡನ್ನಿನಲ್ಲಿ ಒಬ್ಬ ಜರ್ಮನ್ ಲೆಕ್ಕದ ಮೇಷ್ಟ್ರು ತನ್ನ ಎರಡೂ ಆನೆಗಳನ್ನು ಬಲಿಕೊಟ್ಟು, ಕೊನೆಗೆ ಮಂತ್ರಿಯನ್ನೂ ಕೊಟ್ಟು, ಉಳಿದ ಚಿಲ್ಲರೆ ಕಾಯಿಗಳಿಂದ ರಾಜನನ್ನು ಕಟ್ಟಿಹಾಕಿದ್ದು. ಇನ್ನೊಂದು, ಐಸ್‌ಲ್ಯಾಂಡಿನಲ್ಲಿ ಸೋತ ಚಾಂಪಿಯನ್ ತನ್ನನ್ನು ಸೋಲಿಸಿದವನ ಆಟಕ್ಕೆ ತಾನೇ ಚಪ್ಪಾಳೆ ತಟ್ಟಿದ್ದು. "ಗೆಲ್ಲೋದು ಯಾವನಿಗಾದ್ರೂ ಬರ್ತೈತೆ. ಸೋತು ಚಪ್ಪಾಳೆ ತಟ್ಟೋನು ದೊಡ್ಡೋನು," ಎನ್ನುತ್ತಿದ್ದರು. ಮಕ್ಕಳು ಆಕಳಿಸುತ್ತಿದ್ದವು. ಮೇಷ್ಟ್ರು ಯಾರ ಜೊತೆಗಾದರೂ ಕೂತು ಆಡಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

ಜಗಳ ಹುಟ್ಟಿದ್ದು ಸೀರೆಯಿಂದ. ಮೇಷ್ಟ್ರು ನೆಂಟರ ಮದುವೆಗೆ ಉಡುಗೊರೆ ಕೊಡಲು ಮೊಳಕಾಲ್ಮುರಿಗೆ ಹೋಗಿ, ಒಂದು ರೇಷ್ಮೆ ಸೀರೆ ಅಂಗಡಿ ಹೊಕ್ಕರು. ಸೀರೆ ಹೊರಲು ನಾನಿದ್ದೆ. ಅಂಗಡಿಯ ಸಾವ್ಕಾರರು ಗಾದಿಯ ಮೇಲೆ ಯಾರೊಂದಿಗೋ ಚದುರಂಗ ಆಡುತ್ತಿದ್ದರು. ಗಿರಾಕಿ ಬಂದರೂ ತಲೆ ಎತ್ತದಷ್ಟು ದೊಡ್ಡ ಮನುಷ್ಯ. ನಾಲ್ಕು ಮಾತಿಗೆ ಒಂದು ತೆಲುಗು, ಎಂಟು ಮಾತಿಗೆ ಒಂದು ಸುಳ್ಳು. ಚದುರಂಗ ಹುಟ್ಟಿದ್ದೇ ತಮ್ಮ ತಾಲ್ಲೂಕಿನಲ್ಲಿ ಎಂಬುದು ಅವರ ಸಿದ್ಧಾಂತ.

"ಅಶೋಕನ ಸಿಪಾಯಿಗಳು ಜಟಿಂಗ ರಾಮೇಶ್ವರದ ಬಂಡೆ ಮೇಲೆ ಕುಂತು ಆಡ್ತಿದ್ರು. ಶಾಸನದಾಗೇ ಐತೆ," ಎಂದರು.

"ಶಾಸನ ಓದಿದೀರಾ?" ಮೇಷ್ಟ್ರು ಕೇಳಿದರು.

"ಓದಾಕೆ ಬರೋದಾಗಿದ್ರೆ ಶಾಸನ ಯಾಕಂತಾರೆ ರೀ ಅದನ್ನ?"

ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. ಸಾವ್ಕಾರರು ಒಂದು ಒಂಟೆ ನಡೆಸಿದಾಗ, ಇದೇ ಜಾಗದಲ್ಲಿ ರಷ್ಯಾದ ಚಾಂಪಿಯನ್ ಏನು ಮಾಡುತ್ತಿದ್ದ ಎಂದು ಪಾಠ ಶುರುಮಾಡಿದರು. ಸಾವ್ಕಾರರು ಮೊದಲ ಸಲ ತಲೆ ಎತ್ತಿದರು.

"ಆ ರಷ್ಯಾದೋನು ಇವತ್ತು ಬಂದಿಲ್ಲ. ನೀವು ಬಂದೀರಿ. ಕುಂದ್ರಿ, ಆಡಿ ತೋರ್ಸಿ."

"ಮುಂದಿನ ಭಾನುವಾರ ಬರ್ತೀನಿ ಕಣ್ರೀ. ಸೀರೆ ಮಡಚೋ ಕೈಗೆ ನಾನು ಸೋತ್ರೆ, ನನ್ನ ಕ್ಲಾಸಿನ ಬೋರ್ಡ್ ಇಳಿಸಿ ನಿಮ್ಮ ಅಂಗಡಿಗೆ ಕಳಿಸ್ತೀನಿ. ಸೀರೆ ಸುತ್ತೋ ಹಲಗೆ ಮಾಡ್ಕೊಳ್ಳಿ!"

"ಮಂಚಿದಿ, ಒಳ್ಳೇದೇ ಆಯ್ತು. ಹಲಗೆ ಹಳೇದಾಗೈತೆ ನಮ್ದು."

ವಾಪಸು ಬರುವಾಗ ಬಸ್ಸು ತಳಕು ದಾಟಿತು. "ಜಾಸ್ತಿ ಆಯ್ತೇನೋ?" ಎಂದರು ಮೇಷ್ಟ್ರು. ನಾನು ಅವರದೇ ದನಿಯಲ್ಲಿ, "ಸೋತು ಚಪ್ಪಾಳೆ ತಟ್ಟೋನು ದೊಡ್ಡೋನು," ಎಂದೆ. "ಮುಚ್ಚಲೇ," ಎಂದರು. ಆ ನೀಲಿ ಬೋರ್ಡು ಇಲ್ಲದಿದ್ದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳಲು ಅವರಿಗೆ ಬೇರೆ ಕಾರಣವೇ ಇರಲಿಲ್ಲ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಅಣಕಿಸಿದೆ. ಅಭ್ಯಾಸ.

ಭಾನುವಾರ ಸೀರೆ ಅಂಗಡಿಯ ಗಾದಿಯ ಸುತ್ತ ಜನ ನೆರೆದರು. ನಮ್ಮ ಕ್ಲಾಸಿನ ಮಕ್ಕಳ ಕೆಲವು ಅಪ್ಪಂದಿರೂ ಬಂದಿದ್ದರು, ಗುರುಗಳ ಪ್ರತಾಪ ನೋಡಲು; ನಾವು ಹೋದ ಕಾರೂ ಅವರದೇ. ನನ್ನ ಕೈಗೆ ಮೈಕು ಕೊಟ್ಟು ಕಾಮೆಂಟರಿ ಹೇಳು ಎಂದರು. ಜಗಳವಾದರೆ ತೀರ್ಪೂ ನೀನೇ ಹೇಳು ಎಂದರು, ಏಕೆಂದರೆ ನಾನು ಎರಡೂ ಕಡೆಯವರನ್ನು ಸಮನಾಗಿ ಗೇಲಿ ಮಾಡುತ್ತೇನೆ ಎಂಬ ಒಳ್ಳೆಯ ಹೆಸರು ನನಗಿತ್ತು. ನಿಯಮ ಏನು ಎಂದು ಮಾತ್ರ ಯಾರೂ ಕೇಳಲಿಲ್ಲ. ನಿಯಮ ಒಂದೇ ತಾನೆ ಇರುವುದು? ಅವರವರದು.

ಮೇಷ್ಟ್ರು ಕಾಲಾಳನ್ನು ಎರಡು ಮನೆ ಮುಂದಕ್ಕೆ ಇಟ್ಟರು. ಸಾವ್ಕಾರರ ಹುಬ್ಬು ಏರಿತು. "ಮೊದಲ ಹೆಜ್ಜೆಗೇ ಓಟವಾ? ಆಗ್ಲಿ, ಊರಿಗೆ ಬಂದ ನೆಂಟರು," ಎಂದು ತಮ್ಮ ಕಾಲಾಳನ್ನು ಒಂದೇ ಮನೆ ನಡೆಸಿದರು. ಮುಂದಿನದನ್ನೂ ಒಂದೇ ಮನೆ. ಮೇಷ್ಟ್ರು ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದರು: ಹೆದರಿದ್ದಾನೆ. ನಾನು ಮೈಕಿನಲ್ಲಿ ಟಿವಿಯವರ ದನಿ ತೆಗೆದು, "ಸಾವ್ಕಾರರ ಸೈನಿಕರು ಹೊಸ ಮದುಮಗಳಂತೆ ಹೊಸ್ತಿಲು ದಾಟಲು ನಾಚುತ್ತಿದ್ದಾರೆ!" ಎಂದು ಕೂಗಿದೆ. ಚಳ್ಳಕೆರೆಯವರು ನಕ್ಕರು. ಮೊಳಕಾಲ್ಮುರಿನವರು ನಗಲಿಲ್ಲ. ಅಲ್ಲಿ ಕಾಲಾಳು ಯಾವತ್ತೂ ಒಂದೇ ಮನೆ ನಡೆಯುವುದು ಎಂದು ಆಗಲೇ ಹೊಳೆಯಬೇಕಿತ್ತು. ಮೈಕು ಹಿಡಿದವನಿಗೆ ಹೊಳೆಯುವುದು ತಡ.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಕೋಟೆ ಕಟ್ಟಿದರು. ಅಂದರೆ ರಾಜನನ್ನು ಎರಡು ಮನೆ ಪಕ್ಕಕ್ಕೆ ಸರಿಸಿ, ಆನೆಯನ್ನು ಅವನ ಇನ್ನೊಂದು ಬದಿಗೆ ತಂದಿಟ್ಟರು. ಪುಸ್ತಕದ ಚೆಸ್ಸಿನಲ್ಲಿ ಅದು ಒಂದೇ ನಡೆ. ಗಾದಿಯ ಸುತ್ತ ಗುಸುಗುಸು ಎದ್ದಿತು.

"ಒಂದೇ ಏಟಿಗೆ ಎರಡು ಕಾಯಾ? ಏಮಿದಿ ಇದು?"

ಸಾವ್ಕಾರರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಅವರೂರ ಪದ್ಧತಿ ಇರ್ಬೇಕು. ಬಿಡ್ರಿ."

ಆಮೇಲೆ ಮೇಷ್ಟ್ರ ಮೈಮೇಲೆ ಲಂಡನ್ ಬಂತು. ಒಂದು ಆನೆ ಕೊಟ್ಟರು. ಸಾವ್ಕಾರರು ತಿಂದರು. ಇನ್ನೊಂದು ಆನೆ ಕೊಟ್ಟರು. ಅದನ್ನೂ ತಿಂದರು. ಮನುಷ್ಯ ಹಸಿದಿದ್ದರು. ಮೇಷ್ಟ್ರು ಬೆವರು ಒರೆಸಿಕೊಂಡು, ಇಡೀ ಅಂಗಡಿ ನೋಡುವಂತೆ ಮಂತ್ರಿಯನ್ನು ಎತ್ತಿ ಶತ್ರುವಿನ ಬಾಯಲ್ಲಿಟ್ಟರು. "ಬಲಿ! ಮಹಾಬಲಿ!" ಎಂದು ನಾನು ಅರಚಿದೆ. ಮಂತ್ರಿಯೂ ಹೋಯಿತು. ಆಗ ಮೇಷ್ಟ್ರು ಒಂಟೆಯನ್ನು ಮೆಲ್ಲಗೆ ಸರಿಸಿ "ಚೆಕ್" ಎಂದರು. ಸಾವ್ಕಾರರ ರಾಜನಿಗೆ ಸುತ್ತಲೂ ತನ್ನದೇ ಕಾಯಿಗಳ ಗೋಡೆ; ಗೋಡೆ ಇಲ್ಲದ ಕಡೆ ಮೇಷ್ಟ್ರ ಕುದುರೆಯ ಕಾವಲು. ಮುಗಿಯಿತು. ನಿಜ ಹೇಳುತ್ತೇನೆ, ಸುಂದರವಾಗಿತ್ತು. ಒಂದು ಕ್ಷಣ ನನಗೂ ಅಣಕ ಮರೆತುಹೋಯಿತು. ಮೇಷ್ಟ್ರು ಬೋರ್ಡು ನೋಡುವುದನ್ನು ಬಿಟ್ಟು ಚಹಾದ ಲೋಟಕ್ಕೆ ಕೈ ಹಾಕಿದರು.

ಸಾವ್ಕಾರರು ರಾಜನನ್ನು ಎತ್ತಿ, ಕುದುರೆಯ ಹಾಗೆ ಟಣ್ಣನೆ ಹಾರಿಸಿ, ಗೋಡೆಯ ಆಚೆ ಇಟ್ಟರು.

"ಏನ್ರೀ ಅದು?"

"ರಾಜ ಹಾರ್ದ."

"ರಾಜ ಹಾರಲ್ಲ ಕಣ್ರೀ!"

"ಆಟಕ್ಕೆ ಒಂದು ಸಲ ಹಾರ್ತಾನೆ. ನಮ್ಮಪ್ಪನ ಕಾಲದಿಂದ ಹಾರ್ತಾ ಇದ್ದಾನೆ. ನಿಮ್ಮೂರಾಗೆ ಹಾರಲ್ವಾ? ಪಾಪ, ಕಾಲು ನೋವಾ?"

ಮೇಷ್ಟ್ರು ಎದ್ದು ನಿಂತರು. ಲೋಟದ ಚಹಾ ಗಾದಿಯ ಬಿಳಿ ಹಾಸಿನ ಮೇಲೆ ಚೆಲ್ಲಿತು. ಪ್ರಪಂಚದಲ್ಲಿ ಎಲ್ಲಿಯೂ ಹೀಗಿಲ್ಲ, ಯಾವ ಚಾಂಪಿಯನ್ನೂ ಹೀಗೆ ಆಡಿಲ್ಲ ಎಂದು ಕೂಗಿದರು. ಸಾವ್ಕಾರರು ಮಾತ್ರ ಕೂತಲ್ಲಿಂದ ಏಳಲಿಲ್ಲ.

"ನಿಮ್ಮ ಕಾಲಾಳು ಓಡಿದ, ನಾವು ಕೇಳಿದ್ವಾ? ನಿಮ್ಮ ರಾಜ ಆನೆ ಹಿಂದೆ ಹೋಗಿ ಬಚ್ಚಿಟ್ಕೊಂಡ, ಕೇಳಿದ್ವಾ? ನಮ್ಮೋನು ಒಂದು ಸಲ ಹಾರಿದ್ದಕ್ಕೆ ಪ್ರಪಂಚನೇ ಬೇಕಾ?"

ಎಲ್ಲರೂ ನನ್ನ ಕಡೆ ನೋಡಿದರು. ಹಾರಿದ್ದು ಸಲ್ಲದು ಎಂದರೆ ಮೇಷ್ಟ್ರು ಗೆದ್ದರು, ಬೋರ್ಡು ಉಳಿಯಿತು. ಸಲ್ಲುತ್ತದೆ ಎಂದರೆ ಅವರ ಬಳಿ ಉಳಿದಿದ್ದು ಎರಡು ಮೂರು ಚಿಲ್ಲರೆ ಕಾಯಿ. ಎರಡು ಆನೆ, ಒಂದು ಮಂತ್ರಿ ಸಾವ್ಕಾರರ ಮೊಣಕಾಲಿನ ಪಕ್ಕ ಮಲಗಿದ್ದವು. ಇನ್ನೂ ಕೆಟ್ಟದ್ದೆಂದರೆ, ನನಗೊಂದು ವಿಷಯ ಗೊತ್ತಿತ್ತು. ಹಳೆಯ ಕಾಲದಲ್ಲಿ ಯುರೋಪಿನಲ್ಲೂ ರಾಜ ಒಂದು ಸಲ ಹಾರುತ್ತಿದ್ದ, ಆ ಹಾರಾಟವೇ ಸವೆದು ಸವೆದು ಕೋಟೆ ಕಟ್ಟುವ ನಡೆಯಾಯಿತು. ಇದನ್ನು ನನಗೆ ಹೇಳಿಕೊಟ್ಟವರು ಮೇಷ್ಟ್ರೇ. ಅವರಿಗೆ ಆಗ ನೆನಪಾಗಲಿಲ್ಲವೋ, ನೆನಪಾಗಬಾರದಿತ್ತೋ.

ಜನ ನನ್ನ ಯಾವುದಾದರೂ ಅಣಕು ದನಿಗೆ ಕಾಯುತ್ತಿದ್ದರು, ಟಿವಿಯವರದೋ ಮೇಷ್ಟ್ರದೋ. ಒಂದೂ ಬರಲಿಲ್ಲ. ಮೈಕು ಕೆಳಗಿಟ್ಟು ನನ್ನ ಸ್ವಂತ ಕೀರಲು ದನಿಯಲ್ಲೇ ಹೇಳಿದೆ: "ಹಾರ್ಲಿ ಬಿಡಿ ಸಾರ್. ನೀವು ಕೋಟೆ ಕಟ್ಟಿದ್ರಲ್ಲ."

ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಐಸ್‌ಲ್ಯಾಂಡ್ ಕಥೆ ನೂರು ಸಲ ಕೇಳಿದವನು ನಾನು. ಈಗ ತಟ್ಟುತ್ತಾರೆ, ಈಗ ತಟ್ಟುತ್ತಾರೆ ಎಂದುಕೊಂಡೆ. ಅವರು ಎರಡೂ ಕೈಯಿಂದ ಚೀಲ ಎತ್ತಿಕೊಂಡರು. "ಇದು ಚೆಸ್ಸೇ ಅಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಒಂದು ಚಪ್ಪಲಿ ಸಾವ್ಕಾರರದು.

ಮರುದಿನ ಸಂಜೆ ಕ್ಲಾಸಿನ ಮುಂದೆ ಏಣಿ ನಿಂತಿತ್ತು. ಬೋರ್ಡು ಇಳಿಸುತ್ತಿದ್ದಾರೆ ಎಂದುಕೊಂಡು, ಎಣ್ಣೆ ಅಂಗಡಿಯ ಮರೆಯಲ್ಲೇ ನಿಂತೆ.

"ಏನ್ಲೇ ನಿಂತ್ಕೊಂಡು ನೋಡ್ತೀಯ? ಏಣಿ ಹಿಡ್ಕೋ ಬಾ," ಎಂದು ಮೇಷ್ಟ್ರು ಕರೆದರು. ಇಸ್ತ್ರಿ ಅಂಗಿ ಹಾಕಿದ್ದರು. ಮೇಲೆ ಅದೇ ಕುರಿ ಸಂಘದ ಪೇಂಟರ್ ಕೂತು, ಕುದುರೆಯ ತಲೆಯ ಕೆಳಗೆ ಹೊಸ ಸಾಲು ಬರೆಯುತ್ತಿದ್ದ: ಅಂತರರಾಷ್ಟ್ರೀಯ ನಿಯಮಗಳಂತೆ ಮಾತ್ರ.

"ಸೀರೆ ಅಂಗಡಿಗೆ ಕಳಿಸ್ತೀನಿ ಅಂದಿದ್ರಲ್ಲ ಸಾರ್?"

"ಚೆಸ್ಸಲ್ಲಿ ಸೋತ್ರೆ ಅಂದಿದ್ದೆ. ಚೆಸ್ ಎಲ್ಲಿ ಆಡಿದ್ವು?"

ಏಣಿ ಹಿಡಿದೆ. ಬಿಟ್ಟುಬಿಡಬಹುದಿತ್ತು, ಆದರೆ ಪೇಂಟರ್‌ನ ತಪ್ಪೇನೂ ಇರಲಿಲ್ಲ.

ಈಗ ಆ ಕ್ಲಾಸಿನಲ್ಲಿ ಮೂರು ಮಹಾ ಆಟಗಳ ಪಾಠ ನಡೆಯುತ್ತದೆ. ಲಂಡನ್, ಐಸ್‌ಲ್ಯಾಂಡ್, ಮೊಳಕಾಲ್ಮುರು. ಎರಡು ಆನೆ, ಒಂದು ಮಂತ್ರಿ ಬಲಿಕೊಟ್ಟು ತಾವು ಕಟ್ಟಿದ ಬಲೆಯಿಂದ ಪಾರಾಗಲು ಎದುರಾಳಿಗೆ ಚೆಸ್ಸಿನ ಕಾನೂನನ್ನೇ ಬದಲಿಸಬೇಕಾಯಿತು ಎಂದು ಮೇಷ್ಟ್ರು ಹೇಳುತ್ತಾರೆ. ಅಪ್ಪ ಅವ್ವಂದಿರು ತಲೆದೂಗುತ್ತಾರೆ. ಅತ್ತ ಮೊಳಕಾಲ್ಮುರಿನಲ್ಲಿ ಅದೇ ಆಟ ಅಶೋಕನ ಸಿಪಾಯಿಗಳ ಗೆಲುವುಗಳ ಲೆಕ್ಕಕ್ಕೆ ಸೇರಿದೆಯಂತೆ. ಲಂಡನ್ನಿನ ಆ ಮಹಾ ಆಟವನ್ನು ಊರಿಗೆ ತಂತಿ ಕಳಿಸಿ ತಿಳಿಸಿದ್ದು ಅದರಲ್ಲಿ ಸೋತವನೇ ಎನ್ನುತ್ತಾರೆ. ನಮ್ಮ ಕಡೆ ಸೋತವರಾರೂ ಇಲ್ಲದ್ದರಿಂದ ತಂತಿ ಕಳಿಸುವವರಿಲ್ಲ. ಈ ಬರಹ ನನ್ನ ಪಾಲಿಗೆ ಬಿತ್ತು.

ಪಾಠದ ಕೊನೆಗೆ ಮೇಷ್ಟ್ರು ನನ್ನತ್ತ ತಿರುಗಿ, "ಲೇ, ಆವತ್ತಿನ ಕಾಮೆಂಟರಿ ಹೇಳೋ," ಎನ್ನುತ್ತಾರೆ. ಹೇಳುತ್ತೇನೆ. ಬಲಿ, ಮಹಾಬಲಿ, ಚೆಕ್. ಅಲ್ಲಿಗೆ ನಿಲ್ಲಿಸಬೇಕೆಂದು ನಮ್ಮಿಬ್ಬರಲ್ಲಿ ಮಾತಿಲ್ಲದ ಒಪ್ಪಂದ. ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಾರೆ. ಮೇಷ್ಟ್ರು ಮಾತ್ರ ಕೈ ಕಟ್ಟಿಕೊಂಡು ನಿಂತಿರುತ್ತಾರೆ.